ಬಾಲಿಯ ಬಿದಿರು ಮನೆ ನೋಡಿ ಬದುವಿಗೆ ಬಿದಿರು ಹಾಕೋಣ ಅಂತಿದ್ದೀನಿ: ನಮ್ಮ ಒಣಭೂಮಿಗೆ ಆಗುತ್ತಾ?

ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ರಿಗೂ ನಮಸ್ಕಾರ. ಎರಡು ಎಕರೆ ಹಿಪ್ಪುನೇರಳೆ, ಒಂದು ಹುಳುಮನೆ ಇದೆ. ಅದರ ಪಕ್ಕ ಸೊಪ್ಪು ಇಡೋಕೆ, ಆಳುಗಳು ಮಲಗೋಕೆ ಒಂದು ಶೆಡ್ಡು ಎಬ್ಬಿಸಬೇಕು. ಕಬ್ಬಿಣದ ಆಂಗಲ್ಲು, ಶೀಟಿನ ರೇಟು ಕೇಳಿ ಬಂದವನು ಸುಮ್ನೆ ಕೂತಿದ್ದೆ. ಅಷ್ಟರಲ್ಲಿ ಮಗ ಇಂಡೊನೇಷ್ಯಾದ ಬಾಲಿ ದ್ವೀಪದ ವಿಡಿಯೊ ತೋರಿಸಿದ. ಅಲ್ಲಿ 2008ರಲ್ಲಿ ಶುರುವಾದ ಗ್ರೀನ್ ಸ್ಕೂಲ್ ಅಂತ ಒಂದಿದೆ, ಶಾಲೆಗೆ ಶಾಲೆಯೇ ಬಿದಿರು. ಅದೇ ಶಾಲೆಗೆ 2021ರಲ್ಲಿ ಒಂದು ಆಟದ ಹಾಲ್ ಕಟ್ಟಿದ್ದಾರೆ. 19 ಮೀಟರ್ ಅಗಲಕ್ಕೆ ನಡುವೆ ಒಂದು ಕಂಬ ಇಲ್ಲ, ಬಿದಿರಿನ ಕಮಾನುಗಳೇ 14 ಮೀಟರ್ ಎತ್ತರ ನಿಂತಿವೆ.

ಅಷ್ಟೆಲ್ಲ ನನಗೆ ಬೇಡ. ಇಪ್ಪತ್ತಡಿಗೆ ಹನ್ನೆರಡಡಿ ಶೆಡ್ಡು ಸಾಕು. ಈಗ ಬಿದಿರು ಕೊಂಡು ತಂದು ಕಟ್ಟಿ, ಮುಂದಕ್ಕೆ ಬೇಕಾದ್ದನ್ನ ಬದುವಿನಲ್ಲೇ ಬೆಳೆಸಿಕೊಳ್ಳೋಣ ಅಂತ ಯೋಚನೆ. ನಮ್ಮಪ್ಪ ಮಾತ್ರ ಒಂದೇ ಮಾತು: "ಚಟ್ಟ ಕಟ್ಟೋ ಬೊಂಬಲ್ಲಿ ಸೂರು ಕಟ್ತೀಯೇನೋ?" ತಿಳಿದೋರು ಹೇಳಿ.

ಒಣಬೇಸಾಯ (ಪಾವಗಡ)

ಬಾಲಿ ಬಾಲಿ ಅಂತ ಕುಣೀಬೇಡಿ ಸ್ವಾಮಿ. ಅಲ್ಲಿ ಬೀಳೋ ಮಳೆ ಏನು, ನಮಗೆ ಬೀಳೋ ಮಳೆ ಏನು? ನಮ್ಮಲ್ಲಿ ವರ್ಷಕ್ಕೆ 500-600 ಮಿಲಿಮೀಟರ್ ಆದರೆ ದೇವರಿಗೆ ಕಾಯಿ ಒಡೀತೀವಿ. ನಿಮ್ಮ ಕಡೆ 700ರ ಆಸುಪಾಸು.

ನಮ್ಮ ಹೋಬಳಿಯಲ್ಲಿ ಒಬ್ಬ ನರ್ಸರಿಯವನು ಬಂದು ಟಿಶ್ಯೂ ಕಲ್ಚರ್ ಬಿದಿರು, ಬೈಬ್ಯಾಕ್ ಗ್ಯಾರಂಟಿ, ಮೂರನೇ ವರ್ಷದಿಂದ ಲಕ್ಷ ಲಕ್ಷ ಅಂತ ಪಾಂಪ್ಲೆಟ್ ಹಂಚಿ ಸಸಿ ಮಾರಿ ಹೋದ. ಮೊದಲ ಬೇಸಿಗೆಗೆ ಅರ್ಧ ಸಸಿ ಒಣಗಿದವು. ಅವನ ಫೋನೂ ಅಷ್ಟೊತ್ತಿಗೆ ಸ್ವಿಚ್ ಆಫ್. ನಾನೂ ಒಂದಷ್ಟು ಹಾಕಿದ್ದೆ, ಉಳಿದಿರೋದು ಬೋರ್‌ವೆಲ್ ತೊಟ್ಟಿ ಪಕ್ಕದ್ದು ಮಾತ್ರ.

ದ್ವೀಪವಾಸಿ (ಬಂಗಾರಪೇಟೆ ಮೂಲ)

ಒಣಬೇಸಾಯ ಅಣ್ಣ ಹೇಳಿದ್ದು ಸರಿ. ಆದರೆ ಮಳೆ ಒಂದೇ ಅಲ್ಲ ವ್ಯತ್ಯಾಸ. ನಾನು ಅಂಡಮಾನ್‌ನಲ್ಲಿ ಕಟ್ಟಡದ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು, ಅಲ್ಲಿ ಬಿದಿರಿನ ಲೆಕ್ಕ ಯಾಕೆ ಕೂಡುತ್ತೆ ಅಂತ ಹೇಳ್ತೀನಿ.

ಪೋರ್ಟ್ ಬ್ಲೇರ್‌ನಲ್ಲಿ (ಈಗ ಶ್ರೀ ವಿಜಯಪುರಂ) ವರ್ಷಕ್ಕೆ 3,000 ಮಿಲಿಮೀಟರ್ ಹತ್ತಿರ ಮಳೆ. ಬಿದಿರು ಕೇಳದೇನೆ ಬರುತ್ತೆ. ಅದಿರಲಿ. ಅಲ್ಲಿ ಸಿಮೆಂಟು, ಕಬ್ಬಿಣ ಎಲ್ಲಾ ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣದಿಂದ ಹಡಗಿನಲ್ಲೇ ಬರಬೇಕು. ದೊಡ್ಡ ದ್ವೀಪಕ್ಕೆ ಬಂದದ್ದನ್ನ ಚಿಕ್ಕ ದ್ವೀಪಕ್ಕೆ ಮತ್ತೆ ಚಿಕ್ಕ ಹಡಗಿಗೆ ಹಾಕಬೇಕು. ಸಮುದ್ರ ಕೆಟ್ಟರೆ ಕೆಲಸ ನಿಂತಿತು. ಮರಳು ಬೇಕು ಅಂತ ಕಡಲತೀರ ಅಗೆದರೆ ಅಲೆ ಊರೊಳಗೆ ಬರುತ್ತೆ, ಅದಕ್ಕೇ ಕಟ್ಟುನಿಟ್ಟು. ಜೊತೆಗೆ ಇಡೀ ದ್ವೀಪಸಮೂಹ ಭೂಕಂಪದ ಅಪಾಯ ತುಂಬಾ ಜಾಸ್ತಿ ಇರೋ ವಲಯದಲ್ಲಿದೆ. 2004ರ ಸುನಾಮಿ ಆದಮೇಲೆ ಜನರನ್ನ ತಾತ್ಕಾಲಿಕವಾಗಿ ತಗಡಿನ ಶೆಡ್ಡುಗಳಲ್ಲಿ ಇಟ್ಟಿದ್ದರು. ಆ ಸೆಕೆಗೆ ಹಗಲು ಒಳಗೆ ಕೂರೋಕೆ ಆಗ್ತಿರಲಿಲ್ಲ ಅಂತ ಅಲ್ಲಿನೋರು ಇವತ್ತಿಗೂ ಹೇಳ್ತಾರೆ. ಕಾರ್ ನಿಕೋಬಾರಿನ ಹಳೇ ಗುಡಿಸಲು ನೋಡಿದ್ರೆ ಗೊತ್ತಾಗುತ್ತೆ: ಕಂಬದ ಮೇಲೆ ನೆಲ, ಮೇಲೆ ದುಂಡಗಿನ ಹುಲ್ಲಿನ ಸೂರು, ಕೆಳಗಿಂದ ಗಾಳಿ. ಮನೆ ಹಗುರ, ಸಾಮಾನು ಅಲ್ಲೇ ಸುತ್ತಮುತ್ತ ಸಿಗುತ್ತೆ.

ಹಂಗಾಗಿ ದ್ವೀಪದವನಿಗೆ ಬಿದಿರು ಅಂದ್ರೆ ಹಡಗಿನ ಬಾಡಿಗೆ ಉಳಿತಾಯ. ನಮಗೆ ಸಿಮೆಂಟು ಲಾರಿಯಲ್ಲಿ ಬಾಗಿಲಿಗೇ ಬರುತ್ತೆ, ಕಲ್ಲು ಚಪ್ಪಡಿ ನಮ್ಮ ಜಿಲ್ಲೆಯದ್ದೇ. ಅವರ ಲೆಕ್ಕ ನಮಗೆ ನೇರ ಕೂರಲ್ಲ. ಅಲ್ಲಿಂದ ಕಲೀಬೇಕಾದ್ದು ಕಡಿದ ಮೇಲಿನ ಕೆಲಸ, ಅದನ್ನ ಯಾವ ವಿಡಿಯೊದಲ್ಲೂ ಸರಿಯಾಗಿ ತೋರಿಸಲ್ಲ.

ಗುಬ್ಬಿತೋಟ (ಗುಬ್ಬಿ)

ನಮ್ಮ ಕಡೆ ಕೊಟ್ಟಿಗೆಗೆ ಅಡಿಕೆ ದಬ್ಬೆ, ತೆಂಗಿನ ತೀರು. ದುಡ್ಡಿಲ್ಲದೆ ಸಿಗುತ್ತೆ. ಬಿದಿರು ಯಾಕೆ ಬೇಕು?

ತೂಗುಗುಂಡು (ತುಮಕೂರು)

ಗುಬ್ಬಿಯವರೆ, ಶಿಡ್ಲಘಟ್ಟದಲ್ಲಿ ಅಡಿಕೆ ತೋಟ ಎಲ್ಲಿಂದ ತರೋಣ? ಇರಲಿ.

ನಾನು ಸಿವಿಲ್ ಇಂಜಿನಿಯರ್. ಬಿದಿರು ಉಕ್ಕಿಗಿಂತ ಗಟ್ಟಿ ಅನ್ನೋ ಮಾತು ವಾಟ್ಸಾಪ್‌ನಲ್ಲಿ ತಿರುಗ್ತಾ ಇರುತ್ತೆ. ನಾರಿನ ಉದ್ದಕ್ಕೆ ಎಳೆದಾಗ ಬಿದಿರು ಅಸಾಧ್ಯ ಗಟ್ಟಿ, ಅದು ನಿಜ. ಆದರೆ ಮನೆ ಬೀಳೋದು ನಾರು ಹರಿದು ಅಲ್ಲ, ಜೋಡಣೆ ಸೀಳಿ. ಬೊಂಬಿಗೆ ಮೊಳೆ ಹೊಡೆದ್ರೋ, ಆ ಮೊಳೆಯಿಂದಲೇ ಉದ್ದಕ್ಕೆ ಬಿರುಕು. ಕಂಬದ ಮೇಲೆ ತೊಲೆ ಕೂರಿಸಬೇಕಾದ್ರೆ ಕಂಬದ ತಲೆಯನ್ನ ಮೀನಿನ ಬಾಯಿ ಥರ ಕೊರೆದು, ತೊಲೆ ಅದರೊಳಗೆ ಕೂತು, ಡ್ರಿಲ್ ಮಾಡಿ ಬೋಲ್ಟು ಹಾಕಬೇಕು. ತೂತು ಗೆಣ್ಣಿನ ಹತ್ತಿರವೇ ಇರಬೇಕು, ಗೆಣ್ಣು ನಡುವಿನ ಟೊಳ್ಳಲ್ಲಿ ಅಲ್ಲ. ಹೊರೆ ಜಾಸ್ತಿ ಇದ್ದ ಕಡೆ ಆ ಟೊಳ್ಳಿಗೆ ಸಿಮೆಂಟು ಗಾರೆ ತುಂಬಿಸೋದು ಕೊಲಂಬಿಯಾದವರ ಪದ್ಧತಿ, ಅಲ್ಲಿನ ವಾಸ್ತುಶಿಲ್ಪಿ ಸಿಮೋನ್ ವೆಲೆಜ್ ಅದನ್ನ ಪ್ರಪಂಚಕ್ಕೆ ಹಬ್ಬಿಸಿದರು.

ಭೂಕಂಪದಲ್ಲಿ ಬಿದಿರು ಮನೆ ನಿಲ್ಲೋದು ಕಟ್ಟುಕಥೆ ಅಲ್ಲ. 1991ರಲ್ಲಿ ಕೋಸ್ಟರಿಕಾದ ಲಿಮೋನ್ ಭೂಕಂಪ ಆದಾಗ ಆ ಭಾಗದಲ್ಲಿ ಸರ್ಕಾರಿ ಯೋಜನೆಯಲ್ಲಿ ಕಟ್ಟಿದ್ದ ಬಿದಿರು ಮನೆಗಳು ನಿಂತಿದ್ದವು. 1999ರಲ್ಲಿ ಕೊಲಂಬಿಯಾದ ಅರ್ಮೇನಿಯಾ ಪಟ್ಟಣ ನೆಲಸಮ ಆದಮೇಲೆ ಅಲ್ಲಿನ ಕಟ್ಟಡ ನಿಯಮದೊಳಕ್ಕೇ ಬಿದಿರು-ಗಾರೆ ಗೋಡೆ ಬಂತು. ಆದರೆ ತುಮಕೂರು, ಕೋಲಾರ ಎಲ್ಲಾ ಭೂಕಂಪದ ಅಪಾಯ ಕಮ್ಮಿ ಇರೋ ವಲಯ. ನಮಗೆ ಭೂಕಂಪದ ಭಯಕ್ಕಿಂತ ಏಪ್ರಿಲ್-ಮೇ ಬಿರುಗಾಳಿ ಭಯ ದೊಡ್ಡದು. ಹಗುರ ಸೂರು ಗಾಳಿಗೆ ಮೇಲಕ್ಕೇಳುತ್ತೆ. ಅಲ್ಲಿ ಬಿದಿರಿನ ಹಗುರತನವೇ ನಮಗೆ ತಿರುಗುಬಾಣ. ಹಂಚಿನ ತೂಕ ಇರಬೇಕು, ಇಲ್ಲಾಂದ್ರೆ ಸೂರನ್ನ ಪಾಯದವರೆಗೂ ಕಟ್ಟಿ ಹಿಡೀಬೇಕು.

ನಿಯಮ ಇಲ್ಲ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬಿದಿರಿಗೇ ಒಂದು ಭಾಗ ಇದೆ. ಭಾರತೀಯ ಮಾನಕಗಳಲ್ಲಿ (ಐಎಸ್) ಐಎಸ್ 15912 ವಿನ್ಯಾಸಕ್ಕೆ, ಐಎಸ್ 9096 ಸಂರಕ್ಷಣೆಗೆ. ನಿಯಮ ಇದೆ, ಅದನ್ನ ಓದಿರೋ ಮೇಸ್ತ್ರಿ ಇಲ್ಲ.

ರೇಷ್ಮೆಗೂಡು (ಶಿಡ್ಲಘಟ್ಟ)

ಸಾರ್, ದೇವನಹಳ್ಳಿ ಏರ್‌ಪೋರ್ಟಿನ ಎರಡನೇ ಟರ್ಮಿನಲ್ ಪೂರಾ ಬಿದಿರು ಅಂತಾರಲ್ಲ? ನಮ್ಮ ಪಕ್ಕದಲ್ಲೇ ಇದೆ.

ತೂಗುಗುಂಡು (ತುಮಕೂರು)

2022ರ ನವೆಂಬರಲ್ಲಿ ಉದ್ಘಾಟನೆ ಆಯ್ತಲ್ಲ, ಅದೇ. ಅದನ್ನ ಹೊತ್ತಿರೋದು ಉಕ್ಕು. ಬಿದಿರು ಇರೋದು ಚಾವಣಿಯ ಕೆಳಮೈಗೆ, ಕಂಬದ ಹೊದಿಕೆಗೆ. ಅದೂ ಸೀಳಿ, ಸಂಸ್ಕರಿಸಿ, ಅಂಟು ಹಾಕಿ ಒತ್ತಿ ಮಾಡಿದ ಇಂಜಿನಿಯರ್ಡ್ ಬಿದಿರು. ನೋಡೋಕೆ ಹೋಗಿ, ನಕಲು ಮಾಡೋಕಲ್ಲ.

ಮೇದರಬೀದಿ (ಚಿಂತಾಮಣಿ)

ಇಷ್ಟು ಹೊತ್ತಾದ್ರೂ ಮೇದರನ್ನ ಒಬ್ರೂ ನೆನೆಸಿಲ್ಲ!

ಶಿಡ್ಲಘಟ್ಟದ ಅಣ್ಣಾ, ನಿಮ್ಮ ಹುಳು ಹಣ್ಣಾದಾಗ ಗೂಡು ಕಟ್ಟೋಕೆ ಬಿಡೋ ಚಂದ್ರಂಕಿ ತಟ್ಟೆ ಎಲ್ಲಿಂದ ಬಂತು? ಆರಡಿ ನಾಲ್ಕಡಿ ಬಿದಿರು ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಎಬ್ಬಿಸಿ ಕಟ್ಟಬೇಕು. ನಮ್ಮಜ್ಜ, ನಮ್ಮಪ್ಪ ಅದರಲ್ಲೇ ಬದುಕಿದೋರು. ಈಗ ಪ್ಲಾಸ್ಟಿಕ್ಕು ಬಂದು ನಮ್ಮ ಬೀದಿಯಲ್ಲಿ ಕತ್ತಿ ಹಿಡಿಯೋ ಮನೆ ಬೆರಳೆಣಿಕೆ. 2010ರ ನಂತರ ನಾಗರಹೊಳೆ, ಬಂಡೀಪುರದ ಕಡೆ ಹೆಬ್ಬಿದಿರು ಹೂ ಬಿಟ್ಟು ಮೆಳೆ ಮೆಳೆಯೇ ಒಣಗಿದ್ದೂ ನಮಗೆ ದೊಡ್ಡ ಏಟು. ಅದು ನಲವತ್ತು-ಐವತ್ತು ವರ್ಷಕ್ಕೊಮ್ಮೆ ಒಟ್ಟಿಗೇ ಹೂ ಬಿಟ್ಟು, ಬಿದಿರಕ್ಕಿ ಸುರಿಸಿ, ಸತ್ತು ಹೋಗುತ್ತೆ.

ಬಿದಿರು ಕೊಳ್ಳೋದು ಹೇಗೆ ಅಂತ ಹೇಳ್ತೀನಿ, ಇದನ್ನ ಯಾವ ಇಂಜಿನಿಯರೂ ಹೇಳಲ್ಲ (ತುಮಕೂರಿನ ಸಾರ್ ಬೇಜಾರು ಮಾಡ್ಕೋಬೇಡಿ). ಮೊದಲ ವರ್ಷದ ಬೊಂಬು ಹಸಿರು ಮಿರಮಿರ, ಗೆಣ್ಣಿನ ಕೆಳಗೆ ಬಿಳೀ ಬೂದಿ, ಬುಡದಲ್ಲಿ ಸಿಪ್ಪೆ ಅಂಟಿರುತ್ತೆ. ಅದು ಹೆಣೆಯೋಕೆ ಸೈ, ಕಂಬಕ್ಕೆ ಆಗಲ್ಲ, ಒಳಗೆ ಬರೀ ನೀರು. ಬಿದಿರು ಮರದ ಹಾಗೆ ವರ್ಷ ವರ್ಷ ದಪ್ಪ ಆಗಲ್ಲ. ಮೊಳಕೆ ಎಷ್ಟು ದಪ್ಪ ಬಂತೋ ಅಷ್ಟೇ, ಮೂರು-ನಾಲ್ಕು ತಿಂಗಳಲ್ಲಿ ಪೂರಾ ಎತ್ತರ ಮುಗೀತು. ಆಮೇಲೆ ಒಳಗೊಳಗೇ ಬಲಿಯೋದು. ಕಂಬಕ್ಕೆ ಮೂರರಿಂದ ಐದು ವರ್ಷದ್ದು ಬೇಕು. ಬಣ್ಣ ಮಾಸಿರುತ್ತೆ, ಮೈಮೇಲೆ ಬೂಷ್ಟಿನ ಬಿಳೀ ಚುಕ್ಕೆ ಇರುತ್ತೆ, ಕತ್ತಿ ಬೆನ್ನಲ್ಲಿ ತಟ್ಟಿದ್ರೆ ಕಣಕಣ ಅನ್ನುತ್ತೆ. ಎಳೇದು ದಬ್ ಅನ್ನುತ್ತೆ. ವ್ಯಾಪಾರಿ ಎಲ್ಲ ಕಲಸಿ ಲೋಡು ಮಾಡಿರ್ತಾನೆ, ಒಂದೊಂದೇ ತಟ್ಟಿ ಆರಿಸಿ.

ಮಳೆಗಾಲದಲ್ಲಿ ಕಡಿದದ್ದು ಬೇಡ್ವೇ ಬೇಡ. ಮೊಳಕೆ ಬರೋ ಕಾಲ ಅದು, ಬುಡ ತುಳಿದ್ರೆ ಮುಂದಿನ ಬೆಳೆಯೂ ಹೋಯ್ತು. ಕಾರ್ತೀಕ ಕಳೆದು ಮಾಘದೊಳಗೆ ಕಡೀಬೇಕು, ಅದೂ ಅಮಾವಾಸ್ಯೆ ಹತ್ತಿರ ಅಂತ ನಮ್ಮಜ್ಜ.

ದ್ವೀಪವಾಸಿ (ಬಂಗಾರಪೇಟೆ ಮೂಲ)

ಅಮಾವಾಸ್ಯೆ ಮಾತು ಬಾಲಿಯಲ್ಲೂ ಇದೆ, ಕೊಲಂಬಿಯಾದಲ್ಲೂ ಇದೆ! ಚಂದ್ರನ ಕಥೆ ಏನಾದರೂ ಇರಲಿ, ಋತು ಮುಖ್ಯ. ಕುಟ್ಟೆ ಹುಳ ಬರೋದು ಬಿದಿರಿನ ಒಳಗಿರೋ ಗಂಜಿಗೆ, ಹಿಟ್ಟಿನಂಶ ಇದೆಯಲ್ಲ, ಅದಕ್ಕೆ. ಆ ಅಂಶ ಕಡಿಮೆ ಇರೋವಾಗ ಕಡಿದು, ಉಳಿದದ್ದನ್ನ ತೆಗೆದೋ ವಿಷ ಮಾಡಿಯೋ ಇಟ್ಟರೆ ಬಿದಿರು ಉಳಿಯುತ್ತೆ. ಹಾಗೇ ಬಿಟ್ಟರೆ ಎರಡು-ಮೂರು ವರ್ಷದಲ್ಲಿ ಕಂಬದ ಕೆಳಗೆ ಹಳದಿ ಪುಡಿ ಉದುರೋಕೆ ಶುರು.

ಬಾಲಿಯಲ್ಲಿ ಹಳಬರು ಬಿದಿರನ್ನ ಹೊಳೆ, ಕೆಸರು ಗದ್ದೆಯಲ್ಲಿ ನೆನೆಹಾಕ್ತಿದ್ದರು. ಈಗಿನ ಮನೆಗಳು ನಿಂತಿರೋದು ಬೋರಾಕ್ಸ್ (ಬಿಳಿಗಾರ), ಬೋರಿಕ್ ಆಮ್ಲದ ಮೇಲೆ, ಎರಡರಲ್ಲೂ ಇರೋದು ಬೋರಾನ್. ಲಿಂಡಾ ಗಾರ್ಲಂಡ್ ಅಂತ ಒಬ್ಬ ಹೆಣ್ಣುಮಗಳು ಬಾಲಿಯಲ್ಲಿ ನೆಲೆಸಿ, ಬಿದಿರಿಗಾಗಿಯೇ 1993ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದ್ದರು. ಅವರ ಬಳಗ ಹಬ್ಬಿಸಿದ ವಿಧಾನ ತುಂಬಾ ಸರಳ: ಉದ್ದದ ಕಬ್ಬಿಣದ ಸಲಾಕೆಯಿಂದ ಒಳಗಿನ ಗೆಣ್ಣಿನ ಪರದೆಗಳನ್ನೆಲ್ಲ ಒಡೆದು, ಕೊನೇದನ್ನ ಮಾತ್ರ ಬಿಟ್ಟು, ಬೊಂಬನ್ನ ನೆಟ್ಟಗೆ ನಿಲ್ಲಿಸಿ, ಮೇಲಿಂದ ದ್ರಾವಣ ತುಂಬೋದು. ಎರಡು ವಾರ ಹಾಗೇ ನಿಂತರೆ ಒಳಗಿಂದ ಹೊರಕ್ಕೆ ಇಳಿಯುತ್ತೆ. ಕೊನೇ ಪರದೆ ಒಡೆದು ಮಿಕ್ಕ ದ್ರಾವಣ ಹಿಡಿದಿಟ್ಟುಕೊಂಡು ಮತ್ತೆ ಬಳಸೋದು.

ನಮ್ಮಲ್ಲಿ ಎತ್ತರದ ಅಟ್ಟಣೆ ಕಟ್ಟೋ ಬದಲು ತೊಟ್ಟಿಯಲ್ಲಿ ಮಲಗಿಸಿ ಮುಳುಗಿಸಬಹುದು. ನೂರು ಲೀಟರ್ ನೀರಿಗೆ ಮೂರು ಕಿಲೋ ಬೋರಾಕ್ಸ್, ಎರಡು ಕಿಲೋ ಬೋರಿಕ್ ಆಮ್ಲ ಹಾಕಿದ್ರೆ ಶೇಕಡಾ 5ರ ದ್ರಾವಣ ಆಗುತ್ತೆ. ಬಿಸಿನೀರಲ್ಲಿ ಬೇಗ ಕರಗುತ್ತೆ. ಪರದೆ ಒಡೆದ ಹಸಿ ಬಿದಿರು ಹತ್ತು ದಿನ ಮುಳುಗಿರಲಿ, ಮೇಲೆ ಕಲ್ಲು ಹೇರಿ, ಇಲ್ಲಾಂದ್ರೆ ತೇಲುತ್ತೆ. ಆಮೇಲೆ ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಬಿಸಿಲಿಗೆ ಹಾಕಿದ್ರೆ ಸೀಳುತ್ತೆ.

ಇಳಿದಿದೆಯಾ ಅಂತ ನೋಡೋಕೆ ಅರಿಶಿನ ಸಾಕು, ಇದು ತಮಾಷೆ ಅಲ್ಲ. ಅರಿಶಿನವನ್ನ ಸ್ಪಿರಿಟ್ಟಲ್ಲಿ ನೆನೆಸಿ ಸೋಸಿ ಕೊಯ್ದ ಮುಖಕ್ಕೆ ಹಚ್ಚಿ, ಮೇಲೆ ಆಮ್ಲದ ದ್ರಾವಣ ತಾಗಿಸಿದ್ರೆ ಬೋರಾನ್ ಇಳಿದ ಜಾಗ ಕೆಂಪಾಗುತ್ತೆ. ಪ್ರಯೋಗಶಾಲೆಯಲ್ಲೂ ಇದನ್ನೇ ಮಾಡೋದು.

ನಂದಿದ್ರಾಕ್ಷಿ (ಚಿಕ್ಕಬಳ್ಳಾಪುರ)

ಸ್ವಲ್ಪ ತಡೀರಿ. ಆ ತೊಟ್ಟಿ ನೀರು ಕೊನೆಗೆ ಎಲ್ಲಿಗೆ ಬಿಡ್ತೀರಿ? ಬೋರಾನ್ ಹೆಚ್ಚಾದ್ರೆ ದ್ರಾಕ್ಷಿ ಎಲೆ ಅಂಚು ಸುಟ್ಟು ಹೋಗುತ್ತೆ. ಬೋರಾನ್ ತಡೆಯದ ಬೆಳೆಗಳಲ್ಲಿ ದ್ರಾಕ್ಷಿ ಮುಂದೆ ನಿಲ್ಲುತ್ತೆ. ಅಕ್ಕಪಕ್ಕದ ತೋಟದವರು ನಿಮ್ಮ ಮೇಲೆ ಬೀಳ್ತಾರೆ. ಕೃಷಿ ಹೊಂಡದಲ್ಲಿ ನೆನೆಸೋ ಯೋಚನೆ ಇದ್ರೆ ಈಗಲೇ ಬಿಟ್ಟುಬಿಡಿ.

ಇನ್ನೊಂದು ಪ್ರಶ್ನೆ. ಬೋರಾಕ್ಸ್ ಹುಳ ಕೊಲ್ಲುತ್ತೆ ಅಂತೀರಿ. ರೇಷ್ಮೆಹುಳ ಏನು ಹುಳ ಅಲ್ವಾ?

ರೇಷ್ಮೆಗೂಡು (ಶಿಡ್ಲಘಟ್ಟ)

ಅಕ್ಕಾ, ಒಳ್ಳೇ ಟೈಮಿಗೆ ಹೇಳಿದ್ರಿ. ಪಕ್ಕದ ತೋಟಕ್ಕೆ ಔಷಧಿ ಹೊಡೆದ ವಾಸನೆ ಸೊಪ್ಪಿಗೆ ಬಂದ್ರೇ ನಮ್ಮ ಹುಳು ಬಾಯಿ ತೆರೆದು ಬೀಳುತ್ತೆ. ಆ ಶೆಡ್ಡಲ್ಲಿ ಸೊಪ್ಪು ಇಡಬೇಕು ನಾನು.

ದ್ವೀಪವಾಸಿ (ಬಂಗಾರಪೇಟೆ ಮೂಲ)

ಅಕ್ಕನ ಎರಡು ಮಾತೂ ಸರಿ. ಬೋರಾಕ್ಸ್ ಔಷಧಿ ಥರ ಗಾಳಿಗೆ ಬರಲ್ಲ, ಹೊಟ್ಟೆಗೆ ಹೋದ್ರೇ ವಿಷ. ಅಪಾಯ ಇರೋದು ಪುಡಿಯಲ್ಲಿ. ಸಂಸ್ಕರಿಸಿದ ಬಿದಿರು ಕೊಯ್ದು ಡ್ರಿಲ್ ಮಾಡಿದ ಪುಡಿ ಸೊಪ್ಪಿನ ಮೇಲೆ ಬೀಳಬಾರದು. ಸೊಪ್ಪಿನ ಕೋಣೆಯನ್ನ ಇಟ್ಟಿಗೆ ಗೋಡೆ, ಮಾಮೂಲಿ ಸೂರು ಮಾಡಿ ಬಿದಿರನ್ನ ಆಳು ಮಲಗೋ ಕಡೆಗೆ, ಮುಂದಿನ ಪಡಸಾಲೆಗೆ ಇಟ್ಟುಕೊಳ್ಳಿ. ಕೊಯ್ಯೋ ಕೆಲಸ ಎಲ್ಲ ದೂರದ ಕಣದಲ್ಲಿ.

ನೀರಿನ ವಿಷಯ: ದ್ರಾವಣ ಚೆಲ್ಲೋದಲ್ಲ, ಮುಂದಿನ ಸರದಿಗೆ ಪುಡಿ ಸೇರಿಸಿ ಅದೇ ದ್ರಾವಣ ಬಳಸೋದು. ಕೊನೆಗೆ ಉಳಿದದ್ದನ್ನ ಟಾರ್ಪಾಲ್ ಮೇಲೆ ಒಣಗಿಸಿ ಪುಡಿ ಎತ್ತಿಡಿ. ನಮ್ಮ ಬಿಸಿಲಿಗೆ ಅದೊಂದು ಅನುಕೂಲ, ಅಂಡಮಾನಿನಲ್ಲಿ ಸಾಧ್ಯವೇ ಇರಲಿಲ್ಲ.

ತೂಗುಗುಂಡು (ತುಮಕೂರು)

ಒಂದು ಸೇರಿಸ್ತೀನಿ. ಬೋರಾನ್ ಮಳೆ ನೀರಿಗೆ ತೊಳೆದು ಹೋಗುತ್ತೆ, ಮಣ್ಣಿಗೆ ತಾಗಿದ ಬುಡವನ್ನ ಗೆದ್ದಲಿಂದ ಕಾಪಾಡಲ್ಲ. ಬಾಲಿಯ ಮನೆಗಳ ಸೂರು ಅಷ್ಟು ಕೆಳಕ್ಕೆ, ಹೊರಕ್ಕೆ ಚಾಚಿರೋದು ಅಂದಕ್ಕಲ್ಲ, ಕಂಬಕ್ಕೆ ಎರಚಲು ಹೊಡೀಬಾರದು ಅಂತ. ಅಲ್ಲಿ ಕಂಬದ ಕೆಳಗೆ ಬಂಡೆ ಇಡ್ತಾರೆ.

ನಮ್ಮಲ್ಲಿ ಅದಕ್ಕೆ ಚಿನ್ನದಂಥ ಸಾಮಾನು ಇದೆ: ದ್ರಾಕ್ಷಿ ಚಪ್ಪರದ ಕಲ್ಲು ಕೂಚ. ಹಳೇ ಚಪ್ಪರ ಕಿತ್ತವರ ಹತ್ತಿರ ರಾಶಿ ಬಿದ್ದಿರುತ್ತೆ. ಅರ್ಧ ನೆಲದಲ್ಲಿ ಹೂತು, ಒಂದೂವರೆ ಅಡಿ ಮೇಲೆ ಬಿಟ್ಟು, ತಲೆಗೆ ತೂತು ಹಾಕಿಸಿ ಕಬ್ಬಿಣದ ಸರಳು ನಿಲ್ಲಿಸಿ, ಆ ಸರಳಿನ ಮೇಲೆ ಬಿದಿರಿನ ಟೊಳ್ಳು ಕೂರಿಸಿ ಗಾರೆ ತುಂಬಿ. ಗೆದ್ದಲು ಕಲ್ಲು ಹತ್ತಿದ್ರೂ ಕಣ್ಣಿಗೆ ಕಾಣುತ್ತೆ, ಒರೆಸಿ ಹಾಕಬಹುದು. ಸೂರು ಕಂಬದಿಂದ ಮೂರಡಿ ಹೊರಗೆ ಬರಲಿ.

ಒಣಬೇಸಾಯ (ಪಾವಗಡ)

ಕಟ್ಟೋದು ಆಯ್ತು. ಬೆಳೆಯೋ ವಿಷಯ ಎಲ್ಲರೂ ನುಂಗಿಬಿಟ್ರಿ. ನೀಲಗಿರಿಗೆ ಹೇಳಿದ್ದ ಪುರಾಣವೇ ಬಿದಿರಿಗೂ ಶುರುವಾಗಿದೆ. ಅದು ಕೋಲಾರದ ಅಂತರ್ಜಲ ಹೀರುತ್ತೆ ಅಂತ 2017ರಲ್ಲಿ ಸರ್ಕಾರವೇ ನೀಲಗಿರಿ ಹೊಸ ನಾಟಿಗೆ ತಡೆ ಹಾಕಬೇಕಾಯ್ತು.

ದ್ವೀಪವಾಸಿ (ಬಂಗಾರಪೇಟೆ ಮೂಲ)

ಅಣ್ಣಾ, ನಿಮ್ಮ ಕೋಪಕ್ಕೆ ಕಾರಣ ಇದೆ. ಜಾತಿ ನೋಡದೆ ಮಾರಿದ್ದೇ ಅಲ್ಲಿ ತಪ್ಪು. ಬಾಲಿಯ ದೊಡ್ಡ ಕಂಬಗಳು ಪೆಟುಂಗ್ ಅನ್ನೋ ಜಾತಿ, ಡೆಂಡ್ರೋಕ್ಯಾಲಮಸ್ ಆಸ್ಪರ್. ಎಪ್ಪತ್ತು-ಎಂಬತ್ತು ಅಡಿ ಹೋಗುತ್ತೆ, ಅಷ್ಟೇ ನೀರೂ ಕೇಳುತ್ತೆ. ಅದನ್ನ ಪಾವಗಡದಲ್ಲಿ ನೆಟ್ಟರೆ ನೀರು ಹೊತ್ತೇ ಸಾಯಬೇಕು. ನಮ್ಮ ಒಣ ಬೆಟ್ಟಗುಡ್ಡಕ್ಕೆ ಹೊಂದೋದು ಗಂಡು ಬಿದಿರು, ಪೊಲೀಸರ ಲಾಠಿಗೆ ಹೋಗುತ್ತಲ್ಲ, ಅದು. ಒಳಗೆ ಹೆಚ್ಚುಕಮ್ಮಿ ಗಟ್ಟಿ, ದಪ್ಪ ಒಂದರಿಂದ ಮೂರು ಇಂಚು. ಮುಖ್ಯ ಕಂಬಕ್ಕೆ ಸಣ್ಣದಾಯ್ತು, ತೀರು, ರೀಪರ್, ಬೇಲಿ, ಏಣಿಗೆ ಅದಕ್ಕಿಂತ ಬೇಡ. ಮೊದಲ ಎರಡು-ಮೂರು ಬೇಸಿಗೆ ಅದಕ್ಕೂ ಡ್ರಿಪ್ ಬೇಕೇ ಬೇಕು.

ನನ್ನ ಅಭಿಪ್ರಾಯ ಕೇಳಿದ್ರೆ, ನಮ್ಮ ಮೂರು ಜಿಲ್ಲೆಯಲ್ಲಿ ಬಿದಿರನ್ನ ಎಕರೆಗಟ್ಟಲೆ ಬೆಳೆಯಾಗಿ ಹಾಕಬಾರದು. ಹದಿನಾರಡಿಗೊಂದು ಹಾಕಿದ್ರೆ ಎಕರೆಗೆ 170 ಗುಣಿ ಹಿಡಿಯುತ್ತೆ ಅಂತ ನರ್ಸರಿಯವರು ಆಸೆ ಹುಟ್ಟಿಸ್ತಾರೆ. ಮೆಳೆ ಬಲಿಯೋಕೆ ಐದಾರು ವರ್ಷ ಬೇಕು, ಸಂಸ್ಕರಿಸೋ ತೊಟ್ಟಿ ಇಲ್ಲ, ಕೊಳ್ಳೋನು ಯಾರು? ಬದುವಿನಲ್ಲಿ, ಬಚ್ಚಲ ನೀರು ಹೋಗೋ ಕಡೆ ಹತ್ತು-ಹದಿನೈದು ಮೆಳೆ. ಅದು ಮನೆ ರಿಪೇರಿಗೆ, ಟೊಮೆಟೊ ಕಡ್ಡಿಗೆ ಆಗುತ್ತೆ. ಟೊಮೆಟೊ ಕಡ್ಡಿಗೆ ಕೋಲಾರದಲ್ಲಿ ಯಾವತ್ತೂ ಗಿರಾಕಿ ಇದ್ದಾನೆ.

ಗುಬ್ಬಿತೋಟ (ಗುಬ್ಬಿ)

ಕಡಿಯೋಕೆ ಅರಣ್ಯ ಇಲಾಖೆ ಪರ್ಮಿಟ್ಟು?

ಮೇದರಬೀದಿ (ಚಿಂತಾಮಣಿ)

1927ರ ಅರಣ್ಯ ಕಾಯ್ದೆಯಲ್ಲಿ ಬಿದಿರೂ ಮರ ಅಂತಲೇ ಇತ್ತು. 2017ರ ನವೆಂಬರಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ತಿದ್ದುಪಡಿ ಮಾಡಿ ಅದನ್ನ ಕೈಬಿಟ್ರು. ಕಾಡಲ್ಲದ ಜಾಗದಲ್ಲಿ ಬೆಳೆದಿದ್ದಕ್ಕೆ ಆ ಕಾಯ್ದೆಯ ಕಾಟ ಇಲ್ಲ. ಆದ್ರೂ ಸಾಗಿಸುವಾಗ ಪಹಣಿ ಪ್ರತಿ ಲಾರಿಯಲ್ಲಿ ಇರಲಿ. ದಾರೀಲಿ ನಿಲ್ಲಿಸೋರಿಗೆಲ್ಲ ತಿದ್ದುಪಡಿ ಓದಿ ಹೇಳೋಕೆ ಆಗುತ್ತಾ?

ಆನೆದಾರಿ (ಕಾಮಸಮುದ್ರ)

ನಮ್ಮ ಕಡೆಯೋರು ಯಾರೂ ಹಾಕಬೇಡಿ. ರಾಗಿಗೇ ಆನೆ ಬರ್ತಾ ಇದೆ, ಬಿದಿರು ಹಾಕಿದ್ರೆ ಊಟಕ್ಕೆ ಕರೆದ ಹಾಗೆ.

ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ಲರಿಗೂ ದೊಡ್ಡ ಉಪಕಾರ ಆಯ್ತು. ಹಿಂಗೆ ಮಾಡ್ತೀನಿ: ಸೊಪ್ಪಿನ ಕೋಣೆ ಇಟ್ಟಿಗೆ. ಅದಕ್ಕೆ ಅಂಟಿಕೊಂಡು ಕಲ್ಲು ಕೂಚದ ಮೇಲೆ ಬಿದಿರು ಕಂಬ, ಮಂಗಳೂರು ಹಂಚು. ಬದುವಿಗೆ ಗಂಡು ಬಿದಿರು, ಬರೋ ಮುಂಗಾರಿಗೆ ಒಂದು ಹತ್ತು ಗುಣಿ. ನಮ್ಮಪ್ಪನಿಗೆ ಹೇಳ್ದೆ, ಮದುವೆ ಚಪ್ಪರಕ್ಕೆ, ಮೊರಕ್ಕೆ, ತೊಟ್ಟಿಲಿಗೆ ಇದೇ ಬಿದಿರಲ್ವಾ ಅಂತ. "ಹಂಗಾದ್ರೆ ಮಲಗೋದು ಆಳುಗಳು ತಾನೇ, ಕಟ್ಕೋ" ಅಂದ್ರು. ಆ ಮಾತು ನನಗೆ ಸರಿ ಕಾಣಲಿಲ್ಲ. ಮೊದಲ ರಾತ್ರಿ ನಾನೇ ಮಲಗ್ತೀನಿ ಅಂದಿದ್ದೀನಿ.

ಮೇದರಬೀದಿ ತಮ್ಮಾ, ಬೊಂಬು ಆರಿಸೋಕೆ ನೀವು ಬರ್ತೀರಾ? ಕೂಲಿ ಎಷ್ಟು ಅಂತ ಹೇಳಿ, ಚೌಕಾಸಿ ಮಾಡಲ್ಲ.

ಮೇದರಬೀದಿ (ಚಿಂತಾಮಣಿ)

ನಮ್ಮ ದೊಡ್ಡಪ್ಪನನ್ನ ಕರ್ಕೊಂಡು ಬರ್ತೀನಿ ಅಣ್ಣಾ, ನನಗಿಂತ ಅವರ ಕಿವಿ ಚುರುಕು. ಅವರಿಗೆ ದಿನಗೂಲಿ ಬೇಡ, ಆರಿಸಿದ ಬೊಂಬಿನ ಲೆಕ್ಕದಲ್ಲಿ ಕೊಡಿ. ಲೋಡು ಇಳಿಸೋವಾಗಲೇ ಬುಡದ ಕಡೆಗೆ ಸುಣ್ಣದ ಗುರುತು ಹಾಕ್ಸಿ, ಕಂಬ ನಿಲ್ಲಿಸುವಾಗ ಬುಡ ಕೆಳಗಿರಬೇಕು. ಗೆಣ್ಣು ಒಡೆಯೋ ಸಲಾಕೆಗೆ ತುದಿ ಚೂಪು ಮಾಡಿಸಿ ಇಟ್ಟಿರಿ, ಬೊಂಬಿಗಿಂತ ಒಂದಡಿ ಉದ್ದ ಇರಲಿ. ತೊಟ್ಟಿ ಎಷ್ಟುದ್ದ ಇದೆ? ಹನ್ನೆರಡಡಿಗಿಂತ ಕಮ್ಮಿ ಇದ್ರೆ ನೆಲ ಅಗೆದು ದಪ್ಪ ಟಾರ್ಪಾಲ್ ಎರಡು ಮಡಿಕೆ ಹಾಸೋದೇ ವಾಸಿ.